ಒಂದು ಮುಷ್ಟಿ, ಒಂದು ಹೆಬ್ಬೆರಳು

ಹಾರ್ನ್ ಊದಿತು.

ಪಂದ್ಯದ ಎಂಟು ಸೆಕೆಂಡು ಮುಗಿದಿತ್ತು. ಥೇನ್ ಆಲ್ರೆಡ್ ಇನ್ನೂ ಎಗರುವ ಕುದುರೆಯ ಮೇಲೇ ಇದ್ದ!

ಒಂಬತ್ತು ತಿಂಗಳು ಹಾಸಿಗೆ, ಊರುಗೋಲು, ಸೊಂಟದೊಳಗೆ ಉಕ್ಕಿನ ಪಟ್ಟಿ... ಇನ್ನು ಇವನು ಜೀನು ಹತ್ತುವುದಿಲ್ಲ ಎಂದು ತೀರ್ಪು ಕೊಟ್ಟವರೇ ಈಗ ಜೆರೋಮ್ ಊರಿನ ರೋಡಿಯೋ ಪಂದ್ಯದ ಅಖಾಡದಲ್ಲಿ ಎದ್ದು ನಿಂತು ಸಿಳ್ಳೆ ಹೊಡೆಯುತ್ತಿದ್ದರು. ನಾಚಿಕೆಯಿಲ್ಲದ ಜನ.

ಕೋರಾ ತನ್ನ ಕುದುರೆಯನ್ನು ಅವನ ಪಕ್ಕಕ್ಕೆ ನುಗ್ಗಿಸಿದಳು. ಅದು ಅವಳ ಕೆಲಸ. ಹಾರ್ನ್ ಆಯಿತೆಂದು ಎಗರುವ ಕುದುರೆ ಸುಮ್ಮನಾಗುತ್ತದೆಯೇ? ಒಂದು ಬದಿಯಿಂದ ಕೋರಾ, ಇನ್ನೊಂದು ಬದಿಯಿಂದ ಅವಳ ಚಿಕ್ಕಪ್ಪ ಡೂಯಿ ಕುದುರೆ ಓಡಿಸಿಕೊಂಡು ಬರಬೇಕು. ಸವಾರ ಇಬ್ಬರಲ್ಲಿ ಒಬ್ಬರ ಸೊಂಟ ಬಳಸಿ ಹಿಡಿದು, ಅವರ ಕುದುರೆಯ ಬೆನ್ನಿಗೆ ಬಂದು, ಆಮೇಲೆ ನೆಲಕ್ಕೆ ಇಳಿಯಬೇಕು.

ಎರಡು ಕುದುರೆಗಳೂ ಪಕ್ಕ ಪಕ್ಕಕ್ಕೆ ಬಂದವು. ಅವನ ರೆಪ್ಪೆಯ ಮೇಲಿನ ಧೂಳೂ ಕಾಣುವಷ್ಟು ಹತ್ತಿರ. ಒಂಬತ್ತು ತಿಂಗಳ ನಂತರ ಮೊದಲ ಸಲ ಕಣ್ಣಿಗೆ ಕಣ್ಣು ಕೂಡಿತು.

ಬಾ... ಎಂದಿತು ಅವಳ ಮನಸ್ಸು. ತೋಳು ಚಾಚಿದಳು.

ಅವನು ಆ ತೋಳನ್ನು ನೋಡಿದ. ನೋಡಿಯೂ ಆಚೆ ಬದಿಯ ನೆಲಕ್ಕೆ ಹಾರಿಬಿಟ್ಟ.

ಬಿದ್ದ ರಭಸಕ್ಕೆ ಅವನ ಮುಖ ಸುಣ್ಣದಂತೆ ಬಿಳಿಚಿತು. ಕುಂಟುತ್ತ ಎದ್ದು, ಟೋಪಿ ಕೊಡವಿ, ತಿರುಗಿಯೂ ನೋಡದೆ ಹೊರಟ. ಕೋರಾಳ ತೋಳು ಇನ್ನೂ ಗಾಳಿಯಲ್ಲೇ ಇತ್ತು. ಇಡೀ ಅಖಾಡ ಅದನ್ನು ನೋಡಿತು.

ಹಾಗಾದರೆ ಅವನೂ ನಂಬಿದ್ದಾನೆ... ನನ್ನ ಕೈ ಜಾರಿತು ಅಂತ.

ಹೋದ ಸೆಪ್ಟೆಂಬರಿನಲ್ಲಿ ಥೇನ್ ಸವಾರಿ ಮಾಡಿದ್ದು ಮಿಸ್ ಪ್ರೂಯೆಟ್ ಎಂಬ ಹೆಣ್ಣು ಕುದುರೆಯನ್ನು. ಹಾರ್ನ್ ಆದಮೇಲೆ ಅವನ ಬೂಟು ಜೀನಿನಿಂದ ಇಳಿಬಿದ್ದ, ಕಾಲಿಡುವ ರಿಕಾಪಿನಲ್ಲಿ ಸಿಕ್ಕಿಕೊಂಡಿತ್ತು. ಕೋರಾ ಅವನನ್ನು ಹಿಡಿದಿದ್ದಳು. ನಂತರದ ಕ್ಷಣ ಅವನು ಹಿಡಿತದಲ್ಲಿರಲಿಲ್ಲ, ಗೊರಸುಗಳ ಕೆಳಗಿದ್ದ. ಹುಡುಗಿಯ ಕೈ, ಜಾರಿತು ಎಂದರು ಎಲ್ಲರೂ. ಹುಡುಗಿಯ ಕೈ! ಡೂಯಿಯ ಕೈಯಿಂದ ಎಷ್ಟು ಗಂಡಸರು ಜಾರಿ ಬಿದ್ದಿರಲಿಲ್ಲ? ಆಗ ಯಾರೂ ಗಂಡಸಿನ ಕೈ ಅನ್ನಲಿಲ್ಲ.

ಅದಕ್ಕೆ ಮುಂಚಿನ ಬೇಸಿಗೆಯೆಲ್ಲ ಇಬ್ಬರೂ ಕುದುರೆ ಸಾಗಿಸುವ ಲಾರಿಯ ಹಿಂದುಗಡೆ ಕೂತು ಒಂದೇ ತಟ್ಟೆಯಲ್ಲಿ ಹುರಿದ ಆಲೂಗಡ್ಡೆ ತಿಂದಿದ್ದರು. ಬಾಯಿಬಿಟ್ಟು ಯಾರೂ ಏನೂ ಹೇಳಿರಲಿಲ್ಲ, ಅಷ್ಟೆ.

ಕೋರಾಳ ಅಪ್ಪ ವರ್ನ್ ಹೆಗಾರ್ಟಿ ರೋಡಿಯೋಗಳಿಗೆ ಎಗರುವ ಕುದುರೆಗಳನ್ನು ಒದಗಿಸುವವನು. ಮಾತು ಕಡಿಮೆ. ಜೆರೋಮ್‌ನಲ್ಲಿ ಅವತ್ತು ಮಗಳನ್ನು ಲಾರಿಯ ಹತ್ತಿರ ಕರೆದು ಹೇಳಿದ, "ಆ ಕ್ಷಣದಲ್ಲಿ ಸವಾರನ ತಲೇಲಿ ಅನುಮಾನ ಬಂದ್ರೆ ಮೂಳೆ ಮುರಿಯುತ್ತೆ, ಮಗಳೇ. ಈ ಸೆಪ್ಟೆಂಬರ್ ತನಕ ನೋಡ್ತೀನಿ. ಅಷ್ಟೊತ್ತಿಗೂ ಈ ಸವಾರರು ನಿನ್ನ ಕಡೆ ವಾಲದಿದ್ರೆ ನೀನು ಲಾರಿ ಓಡಿಸು. ಅಖಾಡ ಬೇಡ."

ಆರನೇ ವಯಸ್ಸಿನಿಂದ ಕೋರಾ ಕನಸು ಕಂಡಿದ್ದು ಆ ಅಖಾಡ ಒಂದನ್ನೇ.

ಆ ಬೇಸಿಗೆ ಥೇನ್‌ನದಾಯಿತು! ಜುಲೈ ಬಂತು, ಹಗಲಿಗೊಂದು ಊರು, ಸಂಜೆಗೊಂದು ಊರು. ಹಳೇ ವ್ಯಾನು, ಪೆಟ್ರೋಲ್ ಬಂಕಿನ ತಣ್ಣನೆ ಊಟ, ಮೊಣಕಾಲಿಗೆ ಐಸು. ನೆವಾಡಾದಲ್ಲಿ ಗೆದ್ದ. ವಯೋಮಿಂಗ್‌ನಲ್ಲಿ ಗೆದ್ದ. ಸತ್ತ ಎಂದು ಬರೆದಿಟ್ಟ ಹೆಸರು ಗೆಲುವಿನ ಪಟ್ಟಿಯಲ್ಲಿ ಮೇಲೇರುತ್ತಲೇ ಹೋಯಿತು.

ಮತ್ತು ಪ್ರತಿ ಸಲವೂ, ಕೋರಾ ಪಕ್ಕಕ್ಕೆ ಬಂದಾಗಲೆಲ್ಲ, ಅವನು ನೆಲಕ್ಕೆ ಹಾರಿದ.

ಅವನನ್ನು ನೋಡಿ ಉಳಿದವರೂ ಡೂಯಿಯ ಕಡೆಗೇ ವಾಲತೊಡಗಿದರು. "ಇಷ್ಟು ಜನ ಗಂಡಸರು ನನ್ನ ಸೊಂಟ ತಬ್ಬಿದ್ದು ನಿಮ್ಮ ಚಿಕ್ಕಮ್ಮನಿಗೆ ಗೊತ್ತಾದ್ರೆ ನನ್ನ ಮನೆಗೆ ಸೇರ್ಸಲ್ಲ ಕಣೆ," ಎಂದು ಡೂಯಿ ನಗಿಸಲು ನೋಡಿದ. ಅವಳು ನಗಲಿಲ್ಲ.

ಬಿಡುವು ಸಿಕ್ಕಾಗಲೆಲ್ಲ ಕಣಜದ ತೊಲೆಗೆ ಮರಳಿನ ಮೂಟೆ ನೇತುಹಾಕಿ, ಓಡುವ ಕುದುರೆಯ ಮೇಲಿಂದ ಅದನ್ನು ಒಂದೇ ತೋಳಿನಲ್ಲಿ ಕಿತ್ತು ಎತ್ತಿಕೊಳ್ಳುತ್ತಿದ್ದಳು. ಚರ್ಮ ಸುಲಿಯಿತು. ಮೂಟೆ ಜಾರಲಿಲ್ಲ. ಆದರೆ ಮೂಟೆಗೆ ಕಣ್ಣಿಲ್ಲ, ನೋಡಿ ಮುಖ ತಿರುಗಿಸುವುದಿಲ್ಲ...

ಸೆಪ್ಟೆಂಬರ್. ಆರೆಗಾನ್‌ನಲ್ಲಿ ಆ ಬೇಸಿಗೆಯ ಕೊನೆಯ ರೋಡಿಯೋ. ಯಾರಿಗೆ ಯಾವ ಕುದುರೆ ಎಂದು ಚೀಟಿ ಎತ್ತಿದಾಗ ಥೇನ್‌ಗೆ ಬಂದ ಕುದುರೆಯ ಹೆಸರು ಕೇಳಿ ಎಲ್ಲರೂ ಕೋರಾಳ ಕಡೆ ತಿರುಗಿದರು.

ಮಿಸ್ ಪ್ರೂಯೆಟ್.

ಬಾಲ್ಯದಲ್ಲಿ ಅಳತೆಪಟ್ಟಿಯಿಂದ ತನ್ನ ಬೆರಳಿಗೆ ಹೊಡೆಯುತ್ತಿದ್ದ ಟೀಚರಮ್ಮನ ಹೆಸರನ್ನು ವರ್ನ್ ಸೇಡಿಗಾಗಿ ಆ ಕುದುರೆಗಿಟ್ಟಿದ್ದ. ಹೆಸರಿಗೆ ತಕ್ಕ ಕುದುರೆ. ಒಬ್ಬನನ್ನೂ ಬೆನ್ನ ಮೇಲೆ ನೆಟ್ಟಗೆ ಕೂರಗೊಡುತ್ತಿರಲಿಲ್ಲ.

ಈ ಸವಾರರಲ್ಲಿ ಒಂದು ಕಟ್ಟಳೆಯಿದೆ. ಕುದುರೆಯ ಬಾಯಿಗೆ ಕಡಿವಾಣವಿಲ್ಲ. ಕೈಯಲ್ಲಿರುವುದು ಅದರ ಮುಖಕ್ಕೆ ಕಟ್ಟಿದ ಒಂದೇ ದಪ್ಪ ಹಗ್ಗ. ಅದನ್ನು ಎಲ್ಲಿ ಹಿಡಿಯಬೇಕೆಂಬುದು ಕುದುರೆಯಿಂದ ಕುದುರೆಗೆ ಬೇರೆ. ಬಿಟ್ಟ ಹಗ್ಗ ಕಡಿಮೆಯಾದರೆ ಮುಂದಕ್ಕೆ ಮುಗ್ಗರಿಸುತ್ತೀಯ, ಹೆಚ್ಚಾದರೆ ಹಿಂದಕ್ಕೆ ಬೀಳುತ್ತೀಯ. ಅದಕ್ಕೇ ಆ ಕುದುರೆ ಗೊತ್ತಿದ್ದವರನ್ನು ಕೇಳಬೇಕು, ಉತ್ತರಿಸುವವರು ಬದ್ಧವೈರಿಯಾದರೂ ನಿಜವನ್ನೇ ಹೇಳಬೇಕು. ಸುಳ್ಳು ಹೇಳಿದವನ ಜೊತೆ ಕೂತು ಯಾರೂ ಕಾಫಿ ಕುಡಿಯುವುದಿಲ್ಲ.

ಮಿಸ್ ಪ್ರೂಯೆಟ್‌ಗೆ ಬಾಟಲಿ ಹಾಲು ಕುಡಿಸಿ ಬೆಳೆಸಿದವಳು ಕೋರಾ.

ಮಧ್ಯಾಹ್ನದ ಬಿಸಿಲಿನಲ್ಲಿ, ಗೇಟಿನ ಹಿಂದೆ, ಅವಳು ತನ್ನ ಕುದುರೆಯ ಜೀನು ಬಿಗಿಯುತ್ತಿದ್ದಳು. ಹಿಂದೆ ಬೂಟಿನ ಸದ್ದು. ಒಂದು ಹೆಜ್ಜೆ ಜೋರು, ಒಂದು ಹೆಜ್ಜೆ ಮೆಲ್ಲಗೆ. ತಿರುಗದೆಯೇ ಗೊತ್ತಾಯಿತು. ಎದೆ ಹೊಡೆದುಕೊಂಡಿತು. ಹಾಳು ಎದೆ.

"ಹಗ್ಗ ಎಷ್ಟು ಬಿಡ್ಲಿ?" ಥೇನ್ ಕೇಳಿದ.

"ಅಪ್ಪನ್ನ ಕೇಳು."

"ಕೇಳ್ದೆ. ನಿನ್ನನ್ನೇ ಕೇಳು ಅಂದ್ರು."

ಒಂದೇ ಒಂದು ಸುಳ್ಳು ಸಾಕು, ಒಂದು ಬೆರಳಿನಷ್ಟು ಹೆಚ್ಚು ಹೇಳಿದರೆ ಈ ಸೊಕ್ಕೆಲ್ಲ ಮಣ್ಣಾಗುತ್ತದೆ... ಎಂದು ಅವಳೊಳಗೆ ಯಾರೋ ಪಿಸುಗುಟ್ಟಿದರು. ಅವಳು ಹಲ್ಲು ಕಚ್ಚಿದಳು.

"ಹೋದ ವರ್ಷದ ಅಳತೆ ಮರ್ತುಬಿಡು. ಈ ವರ್ಷ ತಲೆ ಇನ್ನೂ ಕೆಳಗೆ ಹಾಕ್ತಾಳೆ. ಒಂದು ಮುಷ್ಟಿ, ಒಂದು ಹೆಬ್ಬೆರಳು. ನನ್ನ ಮುಷ್ಟಿ, ನಿನ್ನದಲ್ಲ."

ಅವನ ಮುಷ್ಟಿ ದೊಡ್ಡದು. ಹಾಗಾಗಿ ಅವಳೇ ಗೇಟಿನೊಳಗೆ ನಿಂತಿದ್ದ ಮಿಸ್ ಪ್ರೂಯೆಟ್‌ಳ ಹಗ್ಗವನ್ನು ಜೀನಿನ ತುದಿಗೆಳೆದು, ಮುಷ್ಟಿಯಿಟ್ಟು, ಹೆಬ್ಬೆರಳು ಚಾಚಬೇಕಾಯಿತು. ಅವನು ಕುದುರೆಯ ಕುತ್ತಿಗೆಯಿಂದ ನಾಲ್ಕು ಕೂದಲು ಕಿತ್ತು, ಹಗ್ಗದಲ್ಲಿ ಅವಳ ಹೆಬ್ಬೆರಳಿನ ತುದಿ ಮುಟ್ಟಿದ ಜಾಗಕ್ಕೆ ಗುರುತು ಕಟ್ಟಿದ. ಬೆರಳಿಗೆ ಬೆರಳು ತಾಗಿತು. ಇಬ್ಬರೂ ತೆಗೆಯಲಿಲ್ಲ.

ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಹಾರ್ನ್ ಆದ್ಮೇಲೆ ಚಿಕ್ಕಪ್ಪನ ಕಡೆ ವಾಲು. ನೆಲಕ್ಕೆ ಹಾರ್ಬೇಡ, ಆ ಸೊಂಟ ಇನ್ನು ತಡ್ಯಲ್ಲ. ನಾನು ಹತ್ರ ಬರಲ್ಲ. ಕೈ ಜಾರಿಸೋಳ ಹತ್ರ ನಿಂಗೇನು ಕೆಲಸ?"

"ಯಾರ ಕೈ ಜಾರ್ತು?"

"ನಂದು. ಊರೆಲ್ಲ ಹೇಳ್ತಿದೆಯಲ್ಲ. ನಿಮ್ಮಮ್ಮನೂ ಹೇಳಿದ್ರು."

ಥೇನ್ ಹಗ್ಗ ಬಿಟ್ಟು ಅವಳ ಕಡೆ ಪೂರ್ತಿ ತಿರುಗಿದ.

"ನಿನ್ನ ಕೈ ಜಾರ್ಲಿಲ್ಲ ಕಣೆ. ನಾನೇ ಬಿಟ್ಟೆ."

ಗೇಟಿನ ಆಚೆ ಮೈಕಿನವನು ಏನೋ ಕೂಗುತ್ತಿದ್ದ. ಕೋರಾಳಿಗೆ ಏನೂ ಕೇಳಿಸಲಿಲ್ಲ.

ಅವನು ತಡವರಿಸುತ್ತ ಹೇಳಿದ. ಬೂಟು ಸಿಕ್ಕಿಕೊಂಡಿತ್ತು. ಅವಳು ಬಿಡಲೇ ಇಲ್ಲ. ಅವನ ಭಾರಕ್ಕೆ ಅವಳೇ ತನ್ನ ಜೀನಿನಿಂದ ಎರಡು ಕುದುರೆಗಳ ನಡುವೆ ಜಾರುತ್ತಿದ್ದಳು. ಇನ್ನೊಂದು ನೆಗೆತಕ್ಕೆ ಅವಳು ಗೊರಸಿನ ಕೆಳಗೆ. ಅದಕ್ಕೇ ಅವಳ ಸೊಂಟದಿಂದ ತನ್ನ ಕೈ ತೆಗೆದುಬಿಟ್ಟ. ಅವಳಿಗೆ ಗೊತ್ತಿದೆ ಎಂದುಕೊಂಡಿದ್ದ. ಸಾಲ್ಟ್ ಲೇಕ್ ಆಸ್ಪತ್ರೆಯಲ್ಲಿ ಬಾಗಿಲು ತೆರೆದಾಗಲೆಲ್ಲ ಅವಳೇ ಎಂದು ತಲೆಯೆತ್ತಿದ. ಅವಳು ಬರಲಿಲ್ಲ. ಮುರಿದವನು ಬೇಡವೇನೋ ಅಂದುಕೊಂಡ.

"ಬಂದಿದ್ದೆ," ಎಂದಳು ಕೋರಾ. "ಬಾಗ್ಲ ತನಕ ಬಂದಿದ್ದೆ. ನಿಮ್ಮಮ್ಮ ಒಳಗೆ ಯಾರಿಗೋ ಹೇಳ್ತಿದ್ರು, ಆ ಹುಡುಗಿ ನನ್ನ ಮಗನ್ನ ಬೀಳಿಸಿದ್ಲು ಅಂತ. ವಾಪಸ್ ಹೋದೆ."

"ಅಮ್ಮ ಅವತ್ತು ಅಖಾಡದಲ್ಲಿ ಇರ್ಲಿಲ್ವಲ್ಲ. ಅವಳೇನು ಕಂಡ್ಲು..."

"ಹಾಗಾದ್ರೆ ಈ ಬೇಸಿಗೆಯೆಲ್ಲ ಯಾಕೆ ಹಾರ್ದೆ?"

"ನೀನು ತೋಳು ಚಾಚ್ದಾಗೆಲ್ಲ ನೀನು ಬೀಳ್ತಿರೋದೇ ಕಣ್ಮುಂದೆ ಬರುತ್ತೆ."

ಕೋರಾ ತನ್ನ ಟೋಪಿ ತೆಗೆದು ಅವನ ಎದೆಗೆ ಬಾರಿಸಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಕೆಂಡ.

"ವರ್ಷಪೂರ್ತಿ ಮರಳಿನ ಮೂಟೆ ಎತ್ತಿದೀನಿ ಕಣೋ ನಾನು. ಜಾರ್ದೇ ಇದ್ದ ಕೈನ ಗಟ್ಟಿ ಮಾಡೋಕೆ! ನಾನು ಬೀಳ್ತೀನೋ ಇಲ್ವೋ ತೀರ್ಮಾನ ಮಾಡೋಕೆ ನೀನ್ಯಾರು? ನಿನ್ನ ಹಿಡಿಯೋದು ನನ್ನ ಕೆಲಸ. ನೀನು ಬಿಟ್ಟಾಗ ಅದನ್ನೂ ಕಿತ್ಕೊಂಡೆ. ಇವತ್ತೂ ಹಾರಿದ್ರೆ ನಾಳೆಯಿಂದ ನಾನು ಲಾರಿ ಡ್ರೈವರ್."

ಅವನಿಗೆ ಅದು ಗೊತ್ತಿರಲಿಲ್ಲ. ಮುಖ ನೋಡಿದರೇ ತಿಳಿಯುತ್ತಿತ್ತು.

"ನನ್ನ ಉಳಿಸ್ಬೇಕು ಅಂತಿದ್ರೆ ಹಿಡ್ಕೊ," ಎಂದಳು. ಟೋಪಿ ಇಟ್ಟುಕೊಂಡು ಹೊರಟುಹೋದಳು.

ಗೇಟು ತೆರೆಯಿತು!

ಮಿಸ್ ಪ್ರೂಯೆಟ್ ತಲೆಯನ್ನು ನೆಲಕ್ಕೆ ಒತ್ತಿ ಆಕಾಶಕ್ಕೆ ಒದ್ದಳು. ಹಗ್ಗ ಬಿಗಿಯಾಯಿತು, ಕೂದಲಿನ ಗುರುತಿದ್ದ ಜಾಗದಲ್ಲೇ ಥೇನ್‌ನ ಮುಷ್ಟಿ. ಒಂದು ಬೆರಳಿನಷ್ಟೂ ಆಚೀಚೆಯಿಲ್ಲ. ಕಾಲುಗಳು ಕುದುರೆಯ ಭುಜದಿಂದ ಜೀನಿನ ಹಿಂದಕ್ಕೆ, ಮತ್ತೆ ಭುಜಕ್ಕೆ, ತೊಟ್ಟಿಲು ತೂಗಿದ ಹಾಗೆ. ಕೋರಾ ಹಾರ್ನಿಗೆ ಕಿವಿಗೊಟ್ಟು ಕುದುರೆಯನ್ನು ತಡೆದು ನಿಂತಿದ್ದಳು.

ಹಾರ್ನ್!

ಅವಳು ನುಗ್ಗಿದಳು. ಪಕ್ಕಕ್ಕೆ ಬಂದಳು. ತೋಳು ಚಾಚಿದಳು.

ಥೇನ್ ನೋಡಿದ. ಅರ್ಧ ಕ್ಷಣ. ಆಮೇಲೆ ಎರಡೂ ಕೈಗಳಿಂದ ಅವಳ ಸೊಂಟ ಬಳಸಿದ.

ಬೂಟು ಸಿಕ್ಕಿಕೊಂಡಿತು.

ಅದೇ ಬೂಟು. ಅದೇ ಕಾಲು. ಕೋರಾಳ ಜೀನು ವಾಲಿತು, ಎರಡು ಕುದುರೆಗಳ ನಡುವಿನ ಕತ್ತಲು ಅವಳಿಗೆ ಕಾಣಿಸಿತು. ಅವನ ಕೈಗಳು ಸಡಿಲವಾಗುತ್ತಿವೆ... ಅವಳಿಗೆ ತಿಳಿಯಿತು.

"ಬಿಟ್ಟೆ ಅಂದ್ರೆ ಸಾಯಿಸ್ತೀನಿ!"

ಕೈಗಳು ಬಿಗಿದವು.

ಅವಳ ತೋಳು ಅವನ ಬೆಲ್ಟನ್ನು ಹಿಡಿದು ಕಬ್ಬಿಣವಾಯಿತು. ಆ ಮೂಟೆಗಳಿಗೆ ಹೋಲಿಸಿದರೆ ಇವನೇನು ಮಹಾ. ಆ ಬದಿಯಿಂದ ಡೂಯಿ ಮಿಸ್ ಪ್ರೂಯೆಟ್‌ಳ ಹಗ್ಗ ಹಿಡಿದು ಅವಳ ತಲೆ ತಿರುಗಿಸಿದ. ಬೂಟು ಕಳಚಿಕೊಂಡಿತು. ಒಂದೇ ಎಳೆತಕ್ಕೆ ಥೇನ್ ಕೋರಾಳ ಬೆನ್ನ ಹಿಂದಿದ್ದ, ಅವಳ ಕುದುರೆಯ ಮೇಲೆ, ಇಡಿಯಾಗಿ.

ಅಂಕ ಎಷ್ಟು ಬಂತೆಂದು ಮೈಕಿನವನು ಕೂಗಿದ. ವರ್ಷಾಂತ್ಯಕ್ಕೆ ಅಗ್ರ ಸವಾರರಷ್ಟೇ ಸೇರುವ ಲಾಸ್ ವೇಗಸ್‌ನ ಕೊನೆಯ ಸುತ್ತಿಗೆ ಅದು ಸಾಕು, ಮಿಕ್ಕಿತು. ಅವರಿಬ್ಬರೂ ಕೇಳಿಸಿಕೊಳ್ಳಲಿಲ್ಲ.

ಗೇಟಿನ ಮೇಲೆ ಮುಂದಿನ ಸವಾರ ಹಗ್ಗ ಸುತ್ತಿಕೊಳ್ಳುತ್ತಿದ್ದ. ಅವನು ಬಗ್ಗಿ ವರ್ನ್‌ನನ್ನು ಕೇಳಿದ, ಕೋರಾ ಯಾವ ಬದಿ ಇರ್ತಾಳೆ ಅಂತ. ವರ್ನ್ ಟೋಪಿಯನ್ನು ಕಣ್ಣಿನ ಮೇಲೆಳೆದುಕೊಂಡು ಎಡಕ್ಕೆ ಬೆರಳು ತೋರಿಸಿದ. ಟೋಪಿ ಬಹಳ ಹೊತ್ತು ಮೇಲೆ ಸರಿಯಲಿಲ್ಲ.

"ಇಳಿ," ಎಂದಳು ಕೋರಾ. "ಮುಂದಿನವನು ಕಾಯ್ತಿದಾನೆ."

"ಇಳೀತೀನಿ." ಅವನ ಹಣೆ ಅವಳ ಹೆಗಲ ಮೇಲಿತ್ತು. "ಕೋರಾ, ನೀನಿಲ್ದೆ ಈ ವರ್ಷ... ನಂಗೆ ಹೇಳೋಕೆ ಬರಲ್ಲ."

"ಬರ್ದಿದ್ರೆ ಬಿಡು. ಸಾಯಂಕಾಲ ಲಾರಿ ಹತ್ರ ಬಾ. ಹುರಿದ ಆಲೂಗಡ್ಡೆ ತಗೊಂಡ್ಬಾ."

"ಎಷ್ಟು ತಟ್ಟೆ?"

"ಒಂದೇ."

ಅವನು ಇಳಿಯಲು ಕೈ ಸಡಿಲಿಸಿದ. ಅವಳು ಆ ಕೈಗಳ ಮೇಲೆ ತನ್ನ ಪುಟ್ಟ ಮುಷ್ಟಿಯಿಟ್ಟು ಒತ್ತಿ ಹಿಡಿದಳು.

"ಇನ್ನೊಂದು ಸುತ್ತು ಹೋಗೋಣ," ಎಂದಳು. "ಆಮೇಲೆ ಇಳಿ."