ತಾಮ್ರಾಕ್ಷನ ಬಿಟ್ಟಿ ಒಲೆ

ನಮ್ಮ ಮುತ್ತಜ್ಜಂದಿರ ಮುತ್ತಜ್ಜಂದಿರೂ ತೊಟ್ಟಿಲು ಕಾಣದಿದ್ದ ಕಾಲದಲ್ಲಿ ಮರಡಿದುರ್ಗವೆಂಬ ಒಂದು ರಾಜ್ಯವಿತ್ತು. ಅಲ್ಲಿಯ ಅರಸ ಅರಮನೆಗೆ ಕಂಬ ಬೇಕೆಂದು ಕಾಡು ಕಡಿಸಿದ, ಕೋಟೆಗೆ ಬಾಗಿಲು ಬೇಕೆಂದು ಕಾಡು ಕಡಿಸಿದ, ಕಡೆಗೆ ಕಡಿದವರ ಕೂಲಿ ತೀರಿಸಲು ಉಳಿದ ಕಾಡನ್ನೂ ಕಡಿಸಿ ಮಾರಿದ. ಸೌದೆ ಬೆಳ್ಳಿಯ ಬೆಲೆಗೆ ಬಂತು. ಜನ ಮೊದಲು ಮಂಚ ಸುಟ್ಟರು, ಆಮೇಲೆ ಬಾಗಿಲು ಸುಟ್ಟರು, ಆಮೇಲೆ ಹಸಿ ಹಿಟ್ಟನ್ನು ನೀರಿಗೆ ಕಲಸಿ ಕುಡಿದರು.

ಅಂಥ ಹೊತ್ತಿಗೆ ಸಿಡಿಲುಗುಡ್ಡದಿಂದ ತಾಮ್ರಾಕ್ಷನೆಂಬ ಮಾಂತ್ರಿಕ ಇಳಿದು ಬಂದ. ಅವನ ಕಣ್ಣು ಹುಣಸೆಹಣ್ಣು ಹಾಕಿ ಉಜ್ಜಿದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಕಾಲಲ್ಲಿ ಮರದ ಹಾವುಗೆ. ಅರಸನ ಸಭೆಯಲ್ಲೂ ಅವನು ಅದನ್ನು ಕಳಚಲಿಲ್ಲ. ಮನೆಮನೆಗೂ ಒಂದು ಮಿಂಚಿನ ಒಲೆ ಕೊಡುತ್ತೇನೆ, ಸೌದೆ ಬೇಡ, ಹೊಗೆಯಿಲ್ಲ, ದುಡ್ಡೂ ಬೇಡ ಎಂದ. ಅರಸ ಹಿಗ್ಗಿದ. ಬಿಟ್ಟಿ ಮಾಲಿನ ಬೆಲೆ ತಿಳಿಯುವುದು ಮನೆಗೆ ತಂದ ಮೇಲೆ. ಅರಸರಿಗೆ ಇದು ಗೊತ್ತಿರುವುದಿಲ್ಲ. ಅವರು ಸಂತೆಯಲ್ಲಿ ನಿಂತು ಏನನ್ನೂ ಕೊಂಡವರಲ್ಲ.

ಒಲೆಯೆಂದರೆ ಸೊಂಟದೆತ್ತರದ ಕಬ್ಬಿಣದ ಮೃಗ. ಬೆನ್ನ ಮೇಲೆ ನಾಲ್ಕು ಕರಿ ಬಿಲ್ಲೆಗಳು, ಒಂದೊಂದು ಬಿಲ್ಲೆಯ ಪಕ್ಕಕ್ಕೆ ಒಂದೊಂದು ಸಣ್ಣ ಕಣ್ಣು, ಮುಂದುಗಡೆ ತಿರುಗಿಸುವ ಕಿವಿಗಳು, ಕೆಳಗೆ ಬಾಗಿಲಿರುವ ಹೊಟ್ಟೆ. ಕಿವಿ ತಿರುಗಿಸಿದರೆ ಬಿಲ್ಲೆ ಕೆಂಡವಾಗುತ್ತಿತ್ತು, ಹೊಟ್ಟೆಯಲ್ಲಿ ರೊಟ್ಟಿ ಬೇಯುತ್ತಿತ್ತು. ಅದರ ಹಿಂದಿನಿಂದ ಒಂದು ತಾಮ್ರದ ಹಾವು ಹೊರಟು, ಗೋಡೆ ತೂರಿ, ಬೀದಿ ಹಿಡಿದು ಗುಡ್ಡದವರೆಗೂ ಹೋಗಿತ್ತು. ಹಾವಿನೊಳಗೆ ಮಿಂಚು ಹರಿಯುತ್ತಿತ್ತು.

ಮರಡಿದುರ್ಗದ ಪಾತ್ರೆ ಅಂಗಡಿಯನ್ನು ಇಬ್ಬರು ಹೆಂಗಸರು ನಡೆಸುತ್ತಿದ್ದರು, ಅತ್ತೆ ತಿರಕವ್ವ ಮತ್ತು ಸೊಸೆ ಮಾಳವ್ವ. ನಡುವಿನ ಕೊಂಡಿಯಾಗಿದ್ದ ಮಗ ಸರಕು ಹೇರಿಕೊಂಡು ಹೋದವನು ಹೊಳೆಯ ಪಾಲಾಗಿದ್ದ. ನನ್ನ ಮಗ ಪಾತ್ರೆ ಮಾರಲು ಹೋಗಿ ನಿನ್ನನ್ನು ತಂದ, ಅವತ್ತೇ ಪಾತ್ರೆಯ ಹಾಗೆ ಬಡಿದು ಸದ್ದು ನೋಡಬೇಕಿತ್ತು ಎಂದು ತಿರಕವ್ವ ಗಿರಾಕಿಗಳ ಮುಂದೆಯೇ ಅನ್ನುತ್ತಿದ್ದಳು. ಬಡಿದು ನೋಡಿದ್ದರೆ ನಿಮ್ಮ ಮನೆಯೇ ಬೇಡವೆಂದು ಹೋಗುತ್ತಿದ್ದೆ ಎಂದು ಮಾಳವ್ವ ಅನ್ನುತ್ತಿದ್ದಳು. ಆದರೆ ವ್ಯಾಪಾರದಲ್ಲಿ ಇಬ್ಬರದೂ ಒಂದೇ ಮಾತು. ಮುಚ್ಚಳವಿಲ್ಲದ ಪಾತ್ರೆಯನ್ನು ಅವರು ಯಾರಿಗೂ ಮಾರುತ್ತಿರಲಿಲ್ಲ. ಅದು ತಿರಕವ್ವನ ಕಟ್ಟಳೆ.

ಹೊಸ ಒಲೆ ಕಂಡ ಮಾಳವ್ವನ ತಲೆ ಓಡಿತು. ಊರಿನ ಪಾತ್ರೆಗಳೆಲ್ಲ ದುಂಡು ತಳದವು, ಚಪ್ಪಟೆ ಬಿಲ್ಲೆಯ ಮೇಲೆ ಕುಡುಕನ ಹಾಗೆ ಓಲಾಡುತ್ತವೆ. ಊರಿಗೆಲ್ಲ ಹೊಸ ಪಾತ್ರೆ ಬೇಕಾಗುತ್ತದೆ. ಮೊದಲು ತಾನು ಅಡುಗೆ ಮಾಡಿ ತೋರಿಸಿದರೆ ಮಾರಾಟ ತಾನಾಗಿ ಆಗುತ್ತದೆ.

"ಉರಿ ಕಾಣದ ಬೆಂಕಿ, ಬೆಲೆ ಹೇಳದ ವ್ಯಾಪಾರಿ, ಎರಡನ್ನೂ ಹೊಸ್ತಿಲು ದಾಟಿಸಬಾರದು," ಎಂದಳು ತಿರಕವ್ವ.

"ನೀವು ದಾಟಿಸಬೇಡಿ ಅತ್ತೆ. ನಾನೇ ಹೊತ್ತು ತರುತ್ತೇನೆ."

ತಂದಳು. ಚಪ್ಪಟೆ ತಳದ ಪಾತ್ರೆಗಳು ಬಿಸಿ ದೋಸೆಯ ಹಾಗೆ ಖರ್ಚಾದವು.

ಕೇಡು ಸಣ್ಣದರಿಂದ ಶುರುವಾಯಿತು. ಅಡುಗೆ ಮುಗಿದು ಬಿಲ್ಲೆ ಕಪ್ಪಗಾದ ಮೇಲೆ ಮನೆಯ ಬೆಕ್ಕು ಅದರ ಮೇಲೆ ಹಾರಿತು, ಅಂಗಾಲು ಸುಟ್ಟುಕೊಂಡು ಅರಚಿತು. ಆಗ ಮಾಳವ್ವ ಗಮನಿಸಿದಳು: ಬಿಲ್ಲೆ ಕಪ್ಪಗಾಗಿದ್ದರೂ ಪಕ್ಕದ ಕಣ್ಣು ಇನ್ನೂ ಕೆಂಪಗೆ ತೆರೆದೇ ಇತ್ತು. ಅದು ಮುಚ್ಚಲು ಬಹಳ ಹೊತ್ತು ಹಿಡಿಯಿತು.

ಆಮೇಲೆ ಊರಿನಿಂದ ಸುದ್ದಿ ಬರತೊಡಗಿತು. ನೇಕಾರರ ಕೇರಿಯಲ್ಲಿ ಯಾರೋ ಒಲೆಯ ಹೊಟ್ಟೆ ಖಾಲಿಯಿದೆಯೆಂದು ನೂಲಿನ ಬುಟ್ಟಿ ಇಟ್ಟಿದ್ದರು. ಬೇರೆಯವರು ಬಂದು ಒಳಗೆ ನೋಡದೆ ಕಿವಿ ತಿರುಗಿಸಿದರು. ಕೇರಿಯ ಅರ್ಧ ಬೂದಿಯಾಯಿತು. ಗಾಣಿಗರ ಮನೆಯಲ್ಲಿ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿತು. ಆ ಮನೆಯ ಸೊಸೆ ಅದಕ್ಕೆ ಒಂದು ಕೊಡ ನೀರು ಸುರಿದಳು. ಬೆಂಕಿ ಎದ್ದು ಸೂರು ಹಿಡಿಯಿತು. ಅವಳೂ ಉಳಿಯಲಿಲ್ಲ, ತೊಟ್ಟಿಲ ಕೂಸೂ ಉಳಿಯಲಿಲ್ಲ. ಅರಸನ ಆಳುಗಳು ಗುಡ್ಡಕ್ಕೆ ಹೋಗಿ, ಇದನ್ನೆಲ್ಲ ಮೊದಲೇ ಹೇಳಬಾರದಿತ್ತೇ ಎಂದು ಕೇಳಿದರಂತೆ. ತಾಮ್ರಾಕ್ಷ, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ ಎಂದನಂತೆ.

ಆದರೆ ಎಲ್ಲಕ್ಕಿಂತ ದೊಡ್ಡ ಕೇಡು ಬಂದದ್ದು ಜನರ ಒಳ್ಳೆಯ ಅಭ್ಯಾಸದಿಂದ. ಮರಡಿದುರ್ಗದ ಹೆಂಗಸರು ಬೆಳಗೆದ್ದು ಒಲೆಯನ್ನು ಸಗಣಿ ನೀರಿನಿಂದ ಸಾರಿಸಿ, ರಂಗೋಲಿಯ ಎಳೆ ಎಳೆದ ಮೇಲೆಯೇ ಅಡುಗೆಗೆ ಕೈ ಹಾಕುತ್ತಿದ್ದರು. ಮಣ್ಣಿನ ಒಲೆಗೆ ಅದು ಹಿತ. ಮಿಂಚಿನ ಒಲೆಯ ಸಂದಿಗೆ ನೀರು ಇಳಿದರೆ ಹಾವು ಎಚ್ಚೆತ್ತು ಕಚ್ಚುತ್ತಿತ್ತು. ಕಚ್ಚಿಸಿಕೊಂಡವರು ನಿಂತಲ್ಲೇ ತಾಮ್ರವಾಗುತ್ತಿದ್ದರು. ಆದರೂ ಸಾರಿಸುವುದನ್ನು ಯಾರೂ ಬಿಡಲಿಲ್ಲ. ಮೈಲಿಗೆ ಕೈಯಿಂದ ಮುಟ್ಟಿರಬೇಕು, ಅದಕ್ಕೇ ಹೀಗಾಯಿತು ಎಂದುಕೊಂಡು ಇನ್ನೊಂದಿಷ್ಟು ನೀರು ಹಾಕಿದರು.

ತಿರಕವ್ವ ಆ ಒಲೆಯನ್ನು ಮುಟ್ಟುವುದಿಲ್ಲವೆಂದು ಹಟ ಹಿಡಿದಿದ್ದಳು. ಆದರೆ ಸಾರಿಸದ ಒಲೆ ಕಣ್ಣೆದುರಿಗಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಒಂದು ಬೆಳಗ್ಗೆ ಮಾಳವ್ವ ಗಂಜಿಗೆ ಇಟ್ಟು, ಉರಿಯುವ ಒಲೆಯನ್ನು ಹಾಗೇ ಬಿಟ್ಟು, ಗಿರಾಕಿಯ ಕೂಗು ಕೇಳಿ ಅಂಗಡಿಗೆ ಓಡಿದಳು. ತಿರಕವ್ವ ಒದ್ದೆ ಬಟ್ಟೆ ಹಿಂಡಿಕೊಂಡು ಬಂದಳು.

ಮಾಳವ್ವ ತಿರುಗಿ ಬಂದಾಗ ಅತ್ತೆಯ ಕೈ ಒಲೆಗೆ ಅಂಟಿತ್ತು. ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ ತಾಮ್ರ ಏರುತ್ತಿತ್ತು. ಹಿಡಿದು ಎಳೆಯಲು ಕೈ ಚಾಚಿದಳು; ಮುಟ್ಟುವ ಮೊದಲೇ ತೋಳಿನ ಕೂದಲು ನೆಟ್ಟಗೆ ನಿಂತವು. ಕೈ ಹಿಂದಕ್ಕೆ ತೆಗೆದು, ಮೂಲೆಯಲ್ಲಿದ್ದ ಉದ್ದ ಹಿಡಿಯ ಮರದ ಸೌಟು ಹಿಡಿದು ಅತ್ತೆಯ ಕೈಯನ್ನು ಮೀಟಿ ಬಿಡಿಸಿದಳು. ಒಣಗಿದ ಮರವನ್ನು ಹಾವು ಕಚ್ಚಲಿಲ್ಲ. ಆದರೆ ಹೊತ್ತು ಮೀರಿತ್ತು. ತಾಮ್ರ ಕೊರಳಿಗೆ ಬಂದಿತ್ತು.

"ಮುಚ್ಚಳ ಸರಿಸೇ, ಗಂಜಿ ಉಕ್ಕುತ್ತಿದೆ," ಎಂದಳು ತಿರಕವ್ವ. ಅಷ್ಟರಲ್ಲಿ ಬಾಯಿಯೂ ತಾಮ್ರವಾಯಿತು.

ಹೊತ್ತೇರುವುದರೊಳಗೆ ಬಾಗಿಲಿಗೆ ಬಂಡಿ ಬಂತು. ಎಳೆಯುವುದು ಕಬ್ಬಿಣದ ಕೋಣಗಳು, ಹೊಡೆಯುವವನಿಲ್ಲ. ಕೋಣಗಳೇ ಒಳಗೆ ಬಂದು ಕೊಂಬಿನಿಂದ ತಿರಕವ್ವನನ್ನು ಎತ್ತಿ ಬಂಡಿಗೆ ಹಾಕಿಕೊಂಡವು. ಸತ್ತವರಿಗೆ ಮಾಂತ್ರಿಕ ಮಣ್ಣು ಮಾಡಿಸುತ್ತಾನೆ ಎಂದು ಊರವರು ನಂಬಿದ್ದರು. ಮಾಳವ್ವ ನಂಬಲಿಲ್ಲ. ಹಳೆಯ ತಾಮ್ರವನ್ನು ಯಾವನೂ ಸುಮ್ಮನೆ ಹೊತ್ತುಕೊಂಡು ಹೋಗುವುದಿಲ್ಲ. ಸೌಟಿನ ತುದಿಯಿಂದ ಒಲೆಯ ಕಿವಿ ತಿರುಗಿಸಿ ಆರಿಸಿದಳು, ಸೌಟನ್ನು ಸೊಂಟಕ್ಕೆ ಸಿಕ್ಕಿಸಿದಳು, ಬುಟ್ಟಿಗೆ ಒಂದು ದೊಡ್ಡ ಮುಚ್ಚಳ, ಒಂದು ಒಣ ಬಟ್ಟೆ ಹಾಕಿಕೊಂಡಳು, ಬಂಡಿಯ ಜಾಡು ಹಿಡಿದು ನಡೆದಳು. ಒಲೆಯನ್ನು ಮನೆಗೆ ತಂದವಳು ತಾನು. ಆ ಲೆಕ್ಕವನ್ನು ಬೇರೆಯವರು ಚುಕ್ತಾ ಮಾಡಲಾರರು.

ಗುಡ್ಡದ ಮೇಲೆ ಒಂದು ಯಂತ್ರವಿತ್ತು. ತಾಮ್ರವಾದ ಜನ ಅದರ ಮುಂದೆ ಸಾಲಾಗಿ ನಿಂತಿದ್ದರು. ಯಂತ್ರ ಅವರನ್ನು ತಲೆಯ ಕಡೆಯಿಂದ ಹಿಡಿದು, ದೊಡ್ಡ ತೂತಿನಿಂದ ಸಣ್ಣ ತೂತಿಗೆ, ಸಣ್ಣ ತೂತಿನಿಂದ ಇನ್ನೂ ಸಣ್ಣ ತೂತಿಗೆ ಎಳೆದು ತಂತಿ ಮಾಡುತ್ತಿತ್ತು. ಆ ತಂತಿ ಹೊಸೆದೇ ಹಾವು ಬೆಳೆಯುತ್ತಿತ್ತು. ಹೀಗೆ ಬೆಳೆದು ಅದು ಮುಂದಿನ ರಾಜ್ಯದ ಗಡಿ ಮುಟ್ಟುವುದರಲ್ಲಿತ್ತು. ಒಲೆ ಬಿಟ್ಟಿ ಏಕೆಂದು ಮಾಳವ್ವನಿಗೆ ಈಗ ತಿಳಿಯಿತು. ಸಾಲಿನ ಕೊನೆಯಲ್ಲಿ ತಿರಕವ್ವ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು.

ಅಳುವುದರಿಂದ ಸಾಲು ನಿಲ್ಲುವುದಿಲ್ಲ. ಮಾಳವ್ವ ತಾಮ್ರಾಕ್ಷನ ಮುಂದೆ ನಿಂತು ವ್ಯವಹಾರಕ್ಕೆ ಇಳಿದಳು. ನಿಮಗೆ ಬೇಕಾದದ್ದು ತಾಮ್ರ, ನನ್ನ ಅಂಗಡಿಯ ತುಂಬ ತಾಮ್ರವಿದೆ ಎಂದಳು. ನಿಮ್ಮ ಒಲೆಯ ಮೇಲೆ ಮೂರು ಕೆಲಸ ಹೇಳಿ. ಸೋತರೆ ಅಂಗಡಿಯೂ ನಿಮ್ಮದು, ನಾನೂ ಆ ಸಾಲಿಗೆ. ಗೆದ್ದರೆ ಅಲ್ಲಿ ನಿಂತವರನ್ನೆಲ್ಲ ಬಿಡಬೇಕು. ಅಲ್ಲಿಯ ತನಕ ಯಂತ್ರ ನಿಲ್ಲಬೇಕು. ತಾಮ್ರಾಕ್ಷ ನಕ್ಕು ಒಪ್ಪಿದ. ಅವನ ಒಲೆಯ ಮುಂದೆ ಗೆದ್ದವರನ್ನು ಅವನು ಕಂಡಿರಲಿಲ್ಲ.

ಗುಡ್ಡದ ಒಲೆ ಆನೆಯಷ್ಟು ದೊಡ್ಡದು. ಮೊದಲನೆಯ ಕೆಲಸ ಹೇಳಿದ: ನಾಲ್ಕು ಬಿಲ್ಲೆಗಳೂ ಆರಿವೆ, ಕಪ್ಪಗಿವೆ, ಯಾವುದಾದರೊಂದರ ಮೇಲೆ ಅಂಗೈ ಊರಿ ನಿಲ್ಲು. ಮಾಳವ್ವ ಬಿಲ್ಲೆಗಳನ್ನು ನೋಡಲಿಲ್ಲ, ಕಣ್ಣುಗಳನ್ನು ನೋಡಿದಳು. ಮೂರು ಕೆಂಪಗೆ ತೆರೆದಿದ್ದವು, ಒಂದು ಮುಚ್ಚಿತ್ತು. ಮುಚ್ಚಿದ ಕಣ್ಣಿನ ಬಿಲ್ಲೆಯ ಮೇಲೆ ಕೈ ಊರಿದಳು. ಕಲ್ಲಿನಷ್ಟು ತಣ್ಣಗಿತ್ತು.

ಎರಡನೆಯದು ಎಣ್ಣೆಯಲ್ಲಿ ಕಡುಬು ಕರಿಯುವುದು. ಎಣ್ಣೆ ಕಾಯುತ್ತಲೇ ತಾಮ್ರಾಕ್ಷ ಏನೋ ಪಿಸುಗುಟ್ಟಿದ; ಬಾಣಲೆ ಭುಗ್ಗೆಂದು ಹೊತ್ತಿಕೊಂಡಿತು. ಕೈಗೆ ಸಿಗುವಂತೆ ತುಂಬಿದ ಕೊಡ ಇಟ್ಟಿದ್ದ. ಮಾಳವ್ವನ ಕೈ ಕೊಡದ ಕಡೆಗೆ ಹೋದದ್ದು ನಿಜ. ಹುಟ್ಟಿದಾಗಿನಿಂದ ಬೆಂಕಿಗೆ ನೀರೇ ಹಾಕಿದ ಕೈ ಅದು. ಗಾಣಿಗರ ಮನೆಯ ತೊಟ್ಟಿಲು ನೆನಪಾಗಿ ಕೈ ನಿಂತಿತು. ಒಲೆಯ ಕಿವಿ ತಿರುಗಿಸಿ ಆರಿಸಿದಳು. ಬುಟ್ಟಿಯಿಂದ ಮುಚ್ಚಳ ತೆಗೆದು, ಮೈ ದೂರವಿಟ್ಟು, ಪಕ್ಕದಿಂದ ಜಾರಿಸಿ ಬಾಣಲೆಯನ್ನು ಮುಚ್ಚಿದಳು. ಬಾಣಲೆಯನ್ನು ಎತ್ತಲಿಲ್ಲ, ಕದಲಿಸಲಿಲ್ಲ. ಉಸಿರು ಸಿಗದೆ ಬೆಂಕಿ ಸತ್ತಿತು. ತೆಗೆದು ತೋರಿಸು ಎಂದು ಅವನು ಅವಸರ ಮಾಡಿದ. ತಣ್ಣಗಾಗದೆ ತೆಗೆಯುವುದಿಲ್ಲ ಎಂದು ಅವಳು ಕೂತಳು. ತಣ್ಣಗಾದ ಮೇಲೆಯೇ ಮತ್ತೆ ಕಾಯಿಸಿ, ಎದುರಿಗೇ ನಿಂತು ಕಡುಬು ಕರಿದು ಕೊಟ್ಟಳು. ಅವನು ತಿನ್ನಲಿಲ್ಲ.

ಮೂರನೆಯ ಕೆಲಸ ಹೇಳುವಾಗ ಅವನು ನಗಲಿಲ್ಲ. ಒಲೆಯ ಮೈಮೇಲೆ ವರ್ಷಗಳ ಜಿಡ್ಡು, ಉಕ್ಕಿದ ಹಾಲಿನ ಕರಕಲು. ಹೊತ್ತು ಮುಳುಗುವುದರೊಳಗೆ ಅದನ್ನು ತೊಳೆದು ಬೆಳಗಬೇಕು. ಅದೇ ಕೊಡದ ನೀರು, ಒಂದು ಬಟ್ಟೆ, ಒಂದು ಹಿಡಿ ಅಂಟುವಾಳ ಇಟ್ಟು ಅವನು ಹೊರಗೆ ಹೋದ. ಊರಿನ ಹೆಂಗಸು, ಕೈ ತಾನಾಗಿ ನೀರಿಗೆ ಹೋಗುತ್ತದೆ ಎಂಬುದು ಅವನ ಎಣಿಕೆ.

ಮಾಳವ್ವ ನೀರು ಮುಟ್ಟಲಿಲ್ಲ. ಹಾವು ಹೋದ ಜಾಡನ್ನೇ ನೋಡುತ್ತ ಹೋದಳು, ಕೈ ತಾಕಿಸದೆ. ಅದರ ತಲೆ ಗೋಡೆಯನ್ನು ಕಚ್ಚಿದ್ದಲ್ಲಿ ಒಂದು ಕಂಚಿನ ಹಿಡಿ ಮೇಲ್ಮುಖವಾಗಿತ್ತು. ಕೈಯನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಕೊಂಡು, ಮರದ ಸೌಟಿನಿಂದ ಆ ಹಿಡಿಯನ್ನು ಕೆಳಕ್ಕೆ ಎಳೆದಳು. ಗುಂಯ್‌ಗುಟ್ಟುತ್ತಿದ್ದ ಹಾವು ಸುಮ್ಮನಾಯಿತು. ಆಗಲೂ ಒಲೆಗೆ ಕೈ ಹಾಕಲಿಲ್ಲ. ಒಲೆಯ ಕೊನೆಯ ಕೆಂಪು ಕಣ್ಣು ಮುಚ್ಚುವ ತನಕ ಕಾದಳು. ಆಮೇಲೆ ಬಟ್ಟೆ ಹಿಂಡಿ ಉಜ್ಜಿದಳು, ಒಣ ಬಟ್ಟೆಯಿಂದ ಸಂದುಸಂದೂ ಒರೆಸಿದಳು. ಮಿಕ್ಕ ಅಂಟುವಾಳದ ನೀರನ್ನು ಹೊರಗೆ ಚೆಲ್ಲಬಹುದಿತ್ತು. ಕಂಚಿನ ಹಿಡಿಯ ಕೆಳಗಿನ ಕಲ್ಲು ಹಾಸಿನ ಮೇಲೆ ಚೆಲ್ಲಿದಳು. ಮಾತು ಕೊಟ್ಟವನ ಮೇಲೆ ಅವಳಿಗೆ ಇದ್ದ ನಂಬಿಕೆ ಅಷ್ಟೇ.

ತಾಮ್ರಾಕ್ಷ ಬಂದು ನೋಡಿದ. ಒಲೆಯಲ್ಲಿ ಅವನ ಮುಖವೇ ಕಾಣುತ್ತಿತ್ತು.

"ಗೆದ್ದೆ," ಎಂದ. "ಆದರೆ ಅವರನ್ನು ಬಿಟ್ಟರೆ ನನ್ನ ಹಾವು ಮುಂದಿನ ರಾಜ್ಯ ಮುಟ್ಟುವುದು ಹೇಗೆ? ಸಾಲಿಗೆ ನಡೆ."

ಹಾಗೆಂದು ಹಿಡಿಯ ಕಡೆಗೆ ಧಾವಿಸಿ ಅದನ್ನು ಮೇಲಕ್ಕೆ ತಳ್ಳಿದ. ಅದೇ ಗಳಿಗೆಗೆ ಅಂಟುವಾಳದ ನೊರೆಯಲ್ಲಿ ಹಾವುಗೆ ಜಾರಿ ಹಾರಿಹೋಯಿತು. ಬರಿಗಾಲು ನೀರಿಗೆ ಬಿತ್ತು, ಕೈ ಕಂಚಿನಲ್ಲೇ ಉಳಿಯಿತು. ಹಾವಿಗೆ ಒಡೆಯ, ಆಳು ಎಂಬ ಭೇದವಿಲ್ಲ. ತಾಮ್ರ ಅವನ ಕಾಲಿನಿಂದ ಸೊಂಟಕ್ಕೆ ಏರಿತು.

"ನೀರಿದೆ ಎಂದು ಏಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ," ಎಂದಳು ಮಾಳವ್ವ.

ಅವನ ಕಣ್ಣು ಮೊದಲಿನ ಹಾಗೇ ಉಳಿಯಿತು, ಮಿಕ್ಕ ಮೈ ಕಣ್ಣಿನ ಹಾಗಾಯಿತು. ಅವಳು ಸೌಟಿನಿಂದ ಹಿಡಿಯನ್ನು ಮತ್ತೆ ಕೆಳಕ್ಕೆ ಎಳೆದಳು. ಮಾಟ ಮಾಡಿದವನ ಉಸಿರು ನಿಂತರೆ ಮಾಟ ಕಳಚುತ್ತದೆ, ಮಾಡಿದವನಿಗೆ ಮಾತ್ರ ಕಳಚುವುದಿಲ್ಲ. ಅದು ಹಳೆಯ ಕಟ್ಟಳೆ. ಮಿಂಚು ಮಾತ್ರ ಮಾಟದ್ದಲ್ಲ, ಸಿಡಿಲುಗುಡ್ಡದ್ದು; ಅದು ಹಾಗೇ ಉಳಿಯಿತು. ಸಾಲಿನಲ್ಲಿ ನಿಂತವರ ಮೈಗೆ ಒಬ್ಬೊಬ್ಬರಾಗಿ ರಕ್ತ ಬಂತು. ತಂತಿಯಾದವರು ತಂತಿಯಾಗಿಯೇ ಉಳಿದರು. ಅವರ ಮನೆಯವರು ಗುಡ್ಡ ಹತ್ತಿ ಬಂದು ಸಾಲನ್ನು ಹುಡುಕಿ, ಹಾವನ್ನು ನೋಡಿ, ಅದರ ಪಕ್ಕದಲ್ಲೇ ಕೂತರು.

ತಿರಕವ್ವ ಕಣ್ಣು ಬಿಟ್ಟವಳೇ ಗಂಜಿ ಏನಾಯಿತೆಂದು ಕೇಳಿದಳು.

"ಉಕ್ಕಿ ಚೆಲ್ಲಿತು, ಅತ್ತೆ."

"ಒರೆಸಿದೆಯಾ?"

"ಒಲೆ ತಣ್ಣಗಾಗಲಿ."

ತಿರಕವ್ವ ಸೊಸೆಯ ಮುಖವನ್ನೂ ತನ್ನ ಕೈಯ ಒದ್ದೆ ಬಟ್ಟೆಯನ್ನೂ ನೋಡಿದಳು. ಬಟ್ಟೆಯನ್ನು ಬಿಸಾಡಿ, "ಸದ್ದು ಪರವಾಗಿಲ್ಲ, ಒಳ್ಳೆಯ ಪಾತ್ರೆಯೇ," ಎಂದಳು.

ಹಾವನ್ನು ಕಡಿದು ಹಾಕಬೇಕೆಂದು ಊರಲ್ಲಿ ಹಲವರು ಎದ್ದರು. ಕಡಿದರೆ ಮತ್ತೆ ಹಸಿ ಹಿಟ್ಟು, ಕಾಡು ಬೆಳೆಯಲು ಒಂದು ತಲೆಮಾರು ಬೇಕು ಎಂದರು ಇನ್ನು ಕೆಲವರು. ಕಡೆಗೆ ಒಬ್ಬ ನೇಕಾರ, ನನ್ನ ಹೆಂಡತಿ ಅದರಲ್ಲಿದ್ದಾಳೆ, ಕತ್ತಿ ಹಾಕಬೇಡಿ ಎಂದ. ಕತ್ತಿ ಇಳಿಯಿತು. ಮನೆಮನೆಯ ಗೋಡೆಗೂ ಮರದ ಹಿಡಿಯೊಂದು ಬಂತು. ಹಿಡಿ ಇಳಿಸದೆ, ಬಿಲ್ಲೆಯ ಕೆಂಪು ಕಣ್ಣು ಮುಚ್ಚುವ ಮೊದಲು ಯಾರೂ ಒಲೆ ಸಾರಿಸಲಿಲ್ಲ. ಒಲೆಯ ಹೊಟ್ಟೆಯಲ್ಲಿ ಸಾಮಾನು ಇಡಲಿಲ್ಲ. ಗಿರಾಕಿ ಕರೆದರೂ ಉರಿಯುವ ಒಲೆ ಬಿಟ್ಟು ಹೋಗಲಿಲ್ಲ. ತಾಮ್ರಾಕ್ಷನನ್ನು ತಿರಕವ್ವ ತಕ್ಕಡಿಗೆ ಹಾಕಿಸಿದಳು. ತೂಕ ಚೆನ್ನಾಗಿ ಬಂತು. ಕರಗಿಸಿ ಮುಚ್ಚಳ ಮಾಡಿಸಿ ಮನೆಗೊಂದರಂತೆ ಹಂಚಿದಳು, ಬಿಟ್ಟಿಯಾಗಿ. ಆದರೆ ಹೇಗೆ ಬಳಸಬೇಕೆಂದು ಒಬ್ಬೊಬ್ಬರಿಗೂ ಹೇಳಿಯೇ ಕೊಟ್ಟಳು.

ಅರಸ ಸಸಿ ನೆಡಿಸಿದ. ಮರಡಿದುರ್ಗದವರು ಬಿಸಿಯಾಗಿ ಉಂಡು, ನೆಮ್ಮದಿಯಾಗಿ ಬಾಳಿದರು. ಸಂಜೆಯ ಅಡುಗೆ ಮುಗಿದ ಮೇಲೆ ಆ ಊರಿನ ಹೆಂಗಸರು ಕೈ ಒರೆಸಿಕೊಂಡು, ಗೋಡೆಯ ಹಿಡಿಯನ್ನು ಕೆಳಗಿಳಿಸಿ, ಹಾವಿನ ಕಡೆ ತಿರುಗಿ ಒಂದು ಮಾತು ಹೇಳುವುದು ರೂಢಿಯಾಯಿತು. ಹಿರಿಯರಿಗೆ ಹೇಳುವ ಹಾಗೆ ಮೆಲ್ಲಗೆ, ಇನ್ನು ಮಲಗಿರಿ ಎನ್ನುತ್ತಾರೆ.