ತುಂಬಿಟ್ಟ ಕೋವಿ

"ಒರೆಸು, ಎಣ್ಣೆ ಹಚ್ಚು, ಬೇಕಾದ್ರೆ ಹಿಡಿ ಹೊಸದು ಹಾಕ್ಸು. ನಳಿಗೆ ಒಳಗಿರೋದನ್ನ ಮಾತ್ರ ತೆಗೀಬೇಡ ಮಗಾ," ಎಂದಳು ಸೋದರತ್ತೆ ಬ್ಲಿಯಾ.

ಫೆಂಗ್ ನಕ್ಕುಬಿಟ್ಟ. ಫೋನ್ಸವನ್ ಪೇಟೆಯಲ್ಲಿ ಹತ್ತು ವರ್ಷ ಮೋಟರ್‌ಬೈಕ್ ರಿಪೇರಿ ಮಾಡಿ ಬಂದವನು ಅವನು. ಅಪ್ಪ ಸತ್ತ ಮೇಲೆ ಗುಡ್ಡದ ಮನೆಯೂ ಮುತ್ತಜ್ಜನ ಕಾಲದಿಂದ ಗೋಡೆಯಲ್ಲಿ ತೂಗುತ್ತಿದ್ದ ಉದ್ದನೆಯ ಕೋವಿಯೂ ಹಿರಿಮಗನ ಪಾಲಿಗೆ ಬಂದಿದ್ದವು. ಹೊಸ ವರ್ಷದ ಹಬ್ಬಕ್ಕೆ ಅದನ್ನು ಫಳಫಳ ಹೊಳೆಸಿ ಅಂಗಳದಲ್ಲಿ ಒಂದು ಈಡು ಹಾರಿಸುವ ಹುಮ್ಮಸ್ಸು. ಮೇಲಾಗಿ, ಆರು ವರ್ಷದ ಮಗಳು ಕಿಯಾ ಓಡಾಡುವ ಮನೆಯಲ್ಲಿ ಮದ್ದು ತುಂಬಿದ ಕೋವಿ ಇಡುವುದು ಯಾವ ಬುದ್ಧಿವಂತಿಕೆ? ಅತ್ತೆಗೆ ಹಲ್ಲಿನ ಜೊತೆ ಬುದ್ಧಿಯೂ ಉದುರಿದೆ ಎಂದು ಹೆಂಡತಿ ಯೂವಾಳ ಮುಂದೆ ಗೇಲಿ ಮಾಡಿದ.

ಮದ್ದು ಜಡಿಯುವ ಸರಳನ್ನು ನಳಿಗೆಯೊಳಕ್ಕೆ ಬಿಟ್ಟ. ಅದು ತಳ ಮುಟ್ಟಲಿಲ್ಲ, ನಾಲ್ಕು ಬೆರಳು ಮೇಲೆಯೇ ನಿಂತಿತು. ನೀರು ಹನಿಸಿ ಮದ್ದು ನೆನೆಸಿ, ಸರಳಿನ ತುದಿಗೆ ತಿರುಪು ಸಿಕ್ಕಿಸಿ ಎಳೆದ. ಕೊಳೆತ ಮೊಟ್ಟೆಯ ನಾತ ಮೂಗಿಗೆ ಬಡಿಯಿತು. ಸೀಸದ ಗುಂಡೊಂದು ಹೊರಬಂತು, ಅದರ ಸುತ್ತ ನಾರುಬಟ್ಟೆಯ ಚಿಂದಿ. ಚಿಂದಿಯನ್ನು ಬೆಂಕಿಗೆಸೆದು, ನಳಿಗೆ ತೊಳೆದು, ತುಕ್ಕು ಉಜ್ಜಿ, ಹಿಡಿಗೆ ಹಂದಿಕೊಬ್ಬು ತಿಕ್ಕಿ ಗೋಡೆಗೆ ತೂಗುಹಾಕಿದ.

ಮರುದಿನ ಬೆಳಿಗ್ಗೆ ಸರಳು ಬಿಟ್ಟು ನೋಡಿದರೆ, ಮತ್ತೆ ನಾಲ್ಕು ಬೆರಳು ಮೇಲೆ.

ಅತ್ತೆಯದೇ ಕಿತಾಪತಿ ಎಂದುಕೊಂಡು ಅಂಗಳಕ್ಕೆ ತಂದು ತಿರುಪು ಇಳಿಸಿದ. ಅದು ಕಚ್ಚಿದ್ದೇ ತಡ, ಒಳಗೆ ಕಿಯಾ ಚೀರಿದಳು. ಎಳೆದ. ಇನ್ನೂ ಜೋರಾಗಿ ಚೀರಿದಳು. ಗುಂಡಿನ ಸುತ್ತ ಇದ್ದದ್ದು ಅವಳ ಟೋಪಿಯ ಕೆಂಪು ಬಟ್ಟೆಯ ಚೂರು. ಓಡಿಹೋಗಿ ನೋಡಿದ. ಮಗುವಿನ ಎದೆಯ ಮೇಲೆ ಹೆಬ್ಬೆರಳಗಲದ ನೀಲಿ ಗುರುತು. ಮೈ ಕೆಂಡದಂತೆ ಸುಡುತ್ತಿತ್ತು.

ಯೂವಾ ಮಗುವನ್ನು ಅಪ್ಪಿ ಕೂತಳು. ಬ್ಲಿಯಾ ಅತ್ತೆ ಫೆಂಗ್‌ನನ್ನು ಅಂಗಳಕ್ಕೆ ಎಳೆದು ತಂದು ಬಿಕ್ಕುತ್ತ ಹೇಳಿದಳು. ಮುತ್ತಜ್ಜ ಜಿಂಕೆಯೆಂದುಕೊಂಡು ಹೊಡೆದದ್ದು ಒಬ್ಬ ಮಾಟಗಾರನ ಒಬ್ಬನೇ ಮಗನನ್ನು. ಆ ತಂದೆ ಕೋವಿಗೇ ಮಾಟ ಮಾಡಿದ, ನಿನ್ನ ಮನೆಯ ಒಂದು ಕೂಸನ್ನು ತಿನ್ನುವವರೆಗೆ ಇದರ ಹಸಿವು ಹಿಂಗದಿರಲಿ ಎಂದು. ಮುತ್ತಜ್ಜ ತನ್ನ ಅಂಗಿ ಹರಿದು ಗುಂಡಿಗೆ ಸುತ್ತಿ ತುರುಕಿದ. ಕೂಸು ಬೇಡಿದ ಕೋವಿಗೆ ಮುದುಕನನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಮೂರು ತಲೆಮಾರು ಹಾಗೇ ಬಾಯಿ ಕಟ್ಟಿಕೊಂಡು ಕೂತಿತ್ತು.

"ಚೂರು ಯಾರು ತೊಟ್ಟಿರೋ ಬಟ್ಟೇದೋ ಗುಂಡು ಅವ್ರದು," ಎಂದಳು. "ಖಾಲಿ ಬಿಟ್ರೆ ಮತ್ತೆ ಅವಳದನ್ನೇ ಎಳ್ಕೊಳುತ್ತೆ. ನಿನ್ನದು ಹಾಕು. ಬೇಗ ಹಾಕು."

ಫೆಂಗ್‌ಗೆ ಈಗ ನಗು ಬರಲಿಲ್ಲ. ತೊಟ್ಟಿದ್ದ ಅಂಗಿ ಬಿಚ್ಚಿ ಕಾಲರ್ ಹರಿದ. ಹಬ್ಬಕ್ಕೆ ತಂದಿದ್ದ ಮದ್ದು ಸುರಿದ. ಗುಂಡಿಗೆ ಬಟ್ಟೆ ಸುತ್ತಿದ. ಜಡಿದ. ಮಗಳ ಬದಲು ತಾನು ಸತ್ತರೂ ಸರಿ ಎಂದು ಮನಸಾರೆ ಅಂದುಕೊಂಡ. ಒಳಗೆ ಹೋಗಿ ಕೋವಿಯನ್ನು ಗೋಡೆಗೆ ಸಿಕ್ಕಿಸಿ, ಉಳಿದ ಅಂಗಿಯನ್ನು ಒಲೆಯ ಪಕ್ಕ ಎಸೆದು, ಹಿತ್ತಿಲಿಗೆ ಹೋಗಿ ಕೈಗೆ ಹತ್ತಿದ ಮದ್ದು ತೊಳೆದುಕೊಂಡ.

ಸ್ವಲ್ಪ ಹೊತ್ತಿಗೆ ಕಿಯಾಳ ದನಿ ಕೇಳಿಸಿತು. ಅನ್ನ ಕೇಳುತ್ತಿದ್ದಳು. ಫೆಂಗ್‌ನ ಕಣ್ಣು ತುಂಬಿ ಬಂತು.

ಒಳಗೆ ಹೋದ. ಕಿಟಕಿಯಿಲ್ಲದ ಮನೆ. ನಡುಹಗಲಲ್ಲೂ ಕತ್ತಲು, ಹೊಗೆ. ಬೆದರಿ ಓಡಿಹೋದ ಮಗುವಿನ ಜೀವವನ್ನು ಯೂವಾ ತಮ್ಮವರ ಪದ್ಧತಿಯಂತೆ ಬಾಗಿಲಲ್ಲಿ ಮೊಟ್ಟೆ ಹಿಡಿದು ನಿಂತು ಕರೆದು ಮುಗಿಸಿದ್ದಳು. ಅವಳ ಮುಖದಲ್ಲಿ ಗೆಲುವಿತ್ತು.

"ಚಳಿ ಅಂತ ನಡುಗ್ತಿದ್ಲು. ಒಲೆ ಹತ್ರ ಬಿದ್ದಿತ್ತಲ್ಲ, ನಿಮ್ಮಂಗೀನೇ ತೊಡಿಸ್ದೆ," ಎಂದಳು. "ಅಪ್ಪನ ಬೆವರು ಮೈಗೆ ತಾಗಿದ್ರೆ ಜೀವ ಮತ್ತೆ ದೂರ ಹೋಗಲ್ಲ."

ಕಿಯಾ ಕತ್ತಲಿನಿಂದ ಎದ್ದು ಬಂದಳು. ಮೊಣಕಾಲು ಮುಚ್ಚುವ ಅಂಗಿ. ಅದಕ್ಕೆ ಕಾಲರ್ ಇರಲಿಲ್ಲ.

ಬಿಚ್ಚು ಎನ್ನಲು ಬಾಯಿ ತೆರೆದ. ಗೋಡೆಯಲ್ಲಿ ಕೋವಿ ಕಟ್ ಎಂದಿತು. ನೆಗೆದ. ಮಗಳನ್ನು ಬಾಚಿ ತಬ್ಬಿಕೊಂಡ. ಕೋವಿಗೆ ಬೆನ್ನು ಕೊಟ್ಟ. ಕಣ್ಣು ಮುಚ್ಚಿದ. ಮನೆಯೇ ಬಿರಿದಂತೆ ಸದ್ದು. ಗಂಧಕದ ಘಾಟು. ಆಮೇಲೆ ಯೂವಾ ಕೆಮ್ಮುವುದೊಂದೇ.

ಫೆಂಗ್ ಬೆನ್ನು ಸವರಿಕೊಂಡ. ಗಾಯವಿರಲಿಲ್ಲ, ರಕ್ತವಿರಲಿಲ್ಲ. ತೋಳಲ್ಲಿದ್ದ ಮಗು ಮಾತ್ರ ಭಾರವಾಗುತ್ತ ಹೋಯಿತು.