ನೀಲಿ ತಲೆಯ ಗುಂಡುಸೂಜಿ

ಕೆಲಸ ಕೇಳಿ ಬಂದಾತ ಪರೀಕ್ಷೆಗೆಂದು ರಫೂ ಮಾಡಿಕೊಟ್ಟ ಕೋಟಿನ ಎಡತೋಳನ್ನು ಅಂಗಡಿಯ ಒಡತಿ ಮೂರು ಸಲ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮೊಣಕೈ ಹತ್ತಿರ ಹುಳ ತಿಂದ ತೂತು ಇದ್ದದ್ದು ಅವಳಿಗೆ ಚೆನ್ನಾಗಿ ಗೊತ್ತು. ಅಪ್ಪನ ಕೋಟು ಅದು. ಹೊಸಬರ ಕೈ ನೋಡಲೆಂದೇ ಎತ್ತಿಟ್ಟದ್ದು. ಈಗ ತೂತೂ ಇಲ್ಲ, ಮುಚ್ಚಿದ ಗುರುತೂ ಇಲ್ಲ.

“ಎಲ್ಲಿ ಮಾಡಿದ್ರಿ?”

“ಇದ್ದ ಕಡೇನೇ ಮೇಡಂ.”

“ಕಾಣ್ತಿಲ್ವಲ್ಲ.”

“ಕಂಡ್ರೆ ಅದು ರಫೂ ಅಲ್ಲ, ತೇಪೆ.”

ಅವಳು ಡ್ರಾಯರಿನಿಂದ ಭೂತಗನ್ನಡಿ ತೆಗೆದಳು. ಎಳೆ ಎಳೆಯಾಗಿ ಹುಡುಕಿದಳು. ಕೌಂಟರಿನಲ್ಲಿ ಚೀಟಿ ಬರೆಯುತ್ತಿದ್ದ ಚಿಕ್ಕಮ್ಮ ತಲೆ ಎತ್ತದೆ ಹೇಳಿದಳು: “ಅಂತೂ ಸೇರಿಗೆ ಸವ್ವಾಸೇರು ಬಂತು ಬಿಡು.”

ಅವನಿಗೆ ಕೆಲಸ ಸಿಕ್ಕಿತು. ಅಂದಿನಿಂದ ಅವನ ಹೆಸರೇ ರಫೂ ಎಂದಾಯಿತು.

ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಹರಿದದ್ದನ್ನು ಸರಿಮಾಡಿ ಕೊಡುವ ಅಂಗಡಿ ಅದು. ಬೆಳಿಗ್ಗೆ ಒಂಬತ್ತಕ್ಕೆ ಷಟರ್ ಮೇಲೆ, ಸಂಜೆ ಆರೂವರೆಗೆ ಕೆಳಗೆ. ಅಪ್ಪನ ಕಾಲದಿಂದ ಒಂದು ನಿಮಿಷ ಹೆಚ್ಚುಕಡಿಮೆ ಇಲ್ಲ. ನಲವತ್ಮೂರರ ಒಡತಿಯನ್ನು ಕೆಲಸದವರು ಬೆನ್ನ ಹಿಂದೆ ಭೂತಗನ್ನಡಿ ಎನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು, ಬೇಸರವಿರಲಿಲ್ಲ. ಒಳ್ಳೆಯ ಸಂಬಂಧವೊಂದನ್ನು ಹುಡುಗನ ಅಂಗಿಯ ಎರಡನೇ ಗುಂಡಿ ಸಡಿಲವಾಗಿತ್ತೆಂದು ಬಿಟ್ಟವಳು ಇವಳು ಎಂದು ಚಿಕ್ಕಮ್ಮ ಕಂಡವರಿಗೆಲ್ಲ ಹೇಳುತ್ತಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ.

ಅಂಗಡಿಯಲ್ಲಿ ಒಂದು ತಪ್ಪಿನ ಪುಸ್ತಕವಿತ್ತು. ಏನು ತಪ್ಪು, ಯಾರದು, ಕಾರಣವೇನು, ಮುಂದೆ ಆಗದಂತೆ ಏನು ಮಾಡುವುದು — ಹೀಗೆ ನಾಲ್ಕು ಕಾಲಂ. ಸೋಮವಾರ ಷಟರ್ ಎತ್ತುವ ಮುಂಚೆ ಎಲ್ಲರೂ ನಿಂತು ತಮ್ಮ ತಮ್ಮ ತಪ್ಪನ್ನು ತಾವೇ ಓದಬೇಕು. ‘ಮರೆತೆ’ ಎಂದು ಬರೆಯುವಂತಿಲ್ಲ. “ಮರೆತದ್ದಕ್ಕೂ ಒಂದು ಕಾರಣ ಇರುತ್ತಲ್ಲ, ಅದನ್ನ ಬರೀರಿ” ಎನ್ನುತ್ತಿದ್ದಳು.

ಇಸ್ತ್ರಿಯಾಕೆ ಒಮ್ಮೆ ಒಂದು ತೋಳು ಸುಟ್ಟಿದ್ದಳು. ‘ಕಣ್ಣು ಮಂಜಾಗಿತ್ತು’ ಎಂದು ಬರೆದದ್ದನ್ನು ಇವಳು ಒಪ್ಪಲಿಲ್ಲ. ಕೊನೆಗೆ ಆಕೆ, ‘ಬೆಳಿಗ್ಗೆ ಗಂಡ ಮನೆ ಬಿಟ್ಟು ಹೋದ, ಅಳುತ್ತಿದ್ದೆ’ ಎಂದು ಬರೆದು ಎಲ್ಲರೆದುರು ಓದಿದಳು. ‘ಅಳು ಬಂದರೆ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಹೇಳಬೇಕು’ ಎಂದು ಮುಂದಿನ ಕಾಲಂ ತುಂಬಿಸಿ ಒಡತಿ ಸಹಿ ಹಾಕಿದಳು. ಎರಡು ದಿನ ರಜೆಯನ್ನೂ ಕೊಟ್ಟಳು. ತಾನು ನ್ಯಾಯವಾಗಿಯೇ ನಡೆದುಕೊಂಡೆ ಎಂದು ಅಂದು ಅವಳಿಗೆ ಅನ್ನಿಸಿತ್ತು.

ಹೊಸಬರಿಗೆ ಮೊದಲ ಮೂರು ತಿಂಗಳು ಪರೀಕ್ಷೆಯ ಅವಧಿ. ಅಷ್ಟರಲ್ಲಿ ಮೂರು ತಪ್ಪಾದರೆ ಮನೆಗೆ. ರಫೂ ಎರಡು ಮಾಡಿಕೊಂಡಿದ್ದ. ಟೀ ಲೋಟವನ್ನು ಬಟ್ಟೆಯ ಮೇಜಿನ ಮೇಲಿಟ್ಟದ್ದು ಒಂದು. ಹತ್ತು ನಿಮಿಷ ತಡವಾಗಿ ಬಂದದ್ದು ಇನ್ನೊಂದು. ಅದರ ಕಾರಣವನ್ನು ಅವನು ಗಂಭೀರವಾಗಿ ಓದಿದ: “ದಾರಿಯಲ್ಲಿ ಒಬ್ಬರ ಛತ್ರಿಯ ಬಟ್ಟೆ ಕಡ್ಡಿಯಿಂದ ಬಿಟ್ಟುಕೊಂಡಿತ್ತು. ಹೊಲಿದುಕೊಟ್ಟೆ.”

“ಯಾರ ಛತ್ರಿ?” ಎಂದಳು ಅವಳು. ಆ ಪ್ರಶ್ನೆಗೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

“ಎಪ್ಪತ್ತು ವರ್ಷದ ಅಜ್ಜಿ ಮೇಡಂ.”

ಅವಳು ಸಹಿ ಹಾಕಿದಳು. ಸಹಿ ಎಂದಿಗಿಂತ ಸ್ವಲ್ಪ ದೊಡ್ಡದಾಯಿತು.

ಅವಳ ತಪಾಸಣೆಯ ಮೇಜಿಗೂ ಅವನ ಕುರ್ಚಿಗೂ ನಡುವೆ ಒಂದು ಗಾಜಿನ ಗೋಡೆ. ಗಾಜನ್ನು ದಿನಕ್ಕೆರಡು ಸಲ ಒರೆಸಬೇಕೆಂಬುದು ಅವಳದೇ ನಿಯಮ. ಸೂಜಿಗೆ ದಾರ ಪೋಣಿಸುವಾಗ ಅವನು ಕಿಟಕಿಯ ಕಡೆ ತಿರುಗುತ್ತಿದ್ದ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಒಂದು ಕಣ್ಣು ಅರೆ ಮುಚ್ಚಿ, ಉಸಿರು ಹಿಡಿಯುತ್ತಿದ್ದ. ದಾರ ಒಳಗೆ ಹೋದಾಗ ಯಾರಿಗೂ ಅಲ್ಲದ ಒಂದು ಸಣ್ಣ ನಗು. ಒಮ್ಮೆ ಆ ನಗು ಮುಖದಲ್ಲಿರುವಾಗಲೇ ಈ ಕಡೆ ತಿರುಗಿದ. ಅವಳು ಥಟ್ಟನೆ ಮುಂದಿದ್ದ ಅಂಗಿಯ ಗುಂಡಿ ಎಣಿಸತೊಡಗಿದಳು. ಏಳು. ಮತ್ತೆ ಎಣಿಸಿದಳು. ಆರು.

ಎರಡೂವರೆ ತಿಂಗಳಾದ ಮೇಲೆ ಒಂದು ಶನಿವಾರ ಹತ್ತಿರದ ಶಾಲೆಯ ಹೆಡ್‌ಮಾಸ್ಟರು ಬಂದರು. ಕೌಂಟರಿನ ಮೇಲೆ ಒಂದು ಗುಂಡುಸೂಜಿ ಇಟ್ಟರು. ಅದಕ್ಕೆ ನೀಲಿ ಮಣಿಯ ತಲೆ.

“ನನ್ನ ಕೋಟಿನ ಕಾಲರಿನಲ್ಲಿತ್ತಮ್ಮಾ. ಶಿಸ್ತಿನ ಮೇಲೆ ಭಾಷಣ ಮಾಡ್ತಿದ್ದೆ. ಕತ್ತು ಎತ್ತಿದೆ, ‘ಅಯ್ಯಯ್ಯೋ’ ಅಂದೆ. ಆರುನೂರು ಮಕ್ಕಳು ನಕ್ಕುಬಿಟ್ರು.”

ಅವಳು ಕ್ಷಮೆ ಕೇಳಿದಳು. ಆ ನೀಲಿ ಸೂಜಿಗಳು ಇದ್ದದ್ದು ಅವಳ ಮೇಜಿನ ಮೇಲೆ ಮಾತ್ರ. ಅನುಮಾನ ಬಂದ ಕಡೆ ಚುಚ್ಚಿ, ನೋಡಿಯಾದ ಮೇಲೆ ತೆಗೆಯುತ್ತಿದ್ದಳು. ಆ ಕೋಟು ಅವಳ ಕೈಗೆ ಬಂದದ್ದು ಗುರುವಾರ ನಾಲ್ಕು ಗಂಟೆಗೆ. ಕಿಟಕಿಯಲ್ಲಿ ಬಿಸಿಲಿತ್ತು. ಅವನು ದಾರ ಪೋಣಿಸುತ್ತಿದ್ದ.

ಸೋಮವಾರ ಎಲ್ಲರಿಗಿಂತ ಮೊದಲು ಬಂದು ಪುಸ್ತಕ ತೆರೆದಳು. ಶನಿವಾರ ಸಂಜೆಯೇ ರಫೂ ತನ್ನ ಕೈಯಾರೆ ಒಂದು ಸಾಲು ಬರೆದಿಟ್ಟಿದ್ದ. ಏನು ತಪ್ಪು: ಕಾಲರಿನಲ್ಲಿ ಗುಂಡುಸೂಜಿ. ಯಾರದು: ರಫೂ. ಕಾರಣ: ಅಜಾಗರೂಕತೆ.

ಮೂರನೆಯ ತಪ್ಪು. ಇದು ಹಾಗೇ ಉಳಿದರೆ ಅವಳ ಮರ್ಯಾದೆ ಉಳಿಯುತ್ತದೆ, ಸಂಜೆ ಅವನು ಹೋಗುತ್ತಾನೆ. ಪುಸ್ತಕವನ್ನು ಮುಚ್ಚಿದಳು. ತೆರೆದಳು. ಮತ್ತೆ ಮುಚ್ಚಿದಳು. ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಎಲ್ಲರೂ ಬಂದು ನಿಂತರು.

ಅವನು ಓದಲು ಗಂಟಲು ಸರಿಮಾಡಿಕೊಂಡ.

“ನಿಲ್ಲಿ. ರಫೂ ಕೆಲಸಕ್ಕೆ ಗುಂಡುಸೂಜಿ ಯಾಕೆ ಬೇಕು?”

“ಬೇಕಾಗುತ್ತೆ ಮೇಡಂ, ಒಂದೊಂದ್ಸಲ.”

“ನೀಲಿ ತಲೇದು?”

“ಬಣ್ಣ ನಾನು ನೋಡಲಿಲ್ಲ.”

“ಎಳೆ ಎಳೆಗೆ ಬಣ್ಣ ಹೊಂದಿಸೋರು ನೀವು!”

ಇಸ್ತ್ರಿಯಾಕೆ ಫಕ್ಕನೆ ನಕ್ಕು ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ತಗ್ಗಿದ ದನಿಯಲ್ಲಿ ಹೇಳಿದ: “ಹೋಗ್ಲಿ ಬಿಡಿ ಮೇಡಂ. ನನಗೆ ಇನ್ನೊಂದು ಕಡೆ ಕೆಲಸ ಸಿಗುತ್ತೆ. ನೀವು ಇಲ್ಲೇ ಇರಬೇಕಾದೋರು.”

ಅವಳು ಸ್ಕೇಲಿಟ್ಟು ಅವನ ಸಾಲನ್ನು ಹೊಡೆದುಹಾಕಿದಳು. ಕೆಳಗೆ ತನ್ನ ಸಾಲು ಬರೆದಳು. ಮೂರನೇ ಕಾಲಂನಲ್ಲಿ ಪೆನ್ನು ಬಹಳ ಹೊತ್ತು ನಿಂತಿತು. ಆಮೇಲೆ ಎದ್ದು ನಿಂತು ಓದಿದಳು.

“ತಪ್ಪು: ಕಾಲರಿನಲ್ಲಿ ಗುಂಡುಸೂಜಿ. ಯಾರದು: ನನ್ನದು. ಕಾರಣ: ಕೋಟು ನೋಡಬೇಕಾದ ಹೊತ್ತಿನಲ್ಲಿ…”

ದನಿ ಅಲ್ಲಿಗೇ ನಿಂತಿತು.

“ಪೂರ್ತಿ ಓದ್ಬೇಕು ಮೇಡಂ,” ಎಂದಳು ಇಸ್ತ್ರಿಯಾಕೆ. ದನಿಯಲ್ಲಿ ಸೇಡಿರಲಿಲ್ಲ. “ನಾನು ಓದಿದ್ನಲ್ಲ. ಓದಿದ ಮೇಲೆ ಹಗುರ ಆಗುತ್ತೆ.”

ಅಂದು ಆಕೆಗೆ ಎಷ್ಟು ಕಷ್ಟವಾಗಿರಬೇಕು ಎಂಬುದು ಅವಳಿಗೆ ಈಗ ಹೊಳೆಯಿತು. ಆಕೆಯ ಕಡೆ ಒಮ್ಮೆ ನೋಡಿ ಮುಂದೆ ಓದಿದಳು.

“ಕೋಟು ನೋಡಬೇಕಾದ ಹೊತ್ತಿನಲ್ಲಿ, ಗಾಜಿನಾಚೆ ದಾರ ಪೋಣಿಸುತ್ತಿದ್ದವರ ಮುಖ ನೋಡುತ್ತಿದ್ದೆ.”

ಇಸ್ತ್ರಿ ಪೆಟ್ಟಿಗೆ ಬಿಸಿಯಾಗುವ ಸಣ್ಣ ಟಿಕ್ ಟಿಕ್ ಕೇಳುತ್ತಿತ್ತು.

“ಮುಂದಿನ ಕಾಲಂ ಖಾಲಿ ಬಿಟ್ಟಿದ್ದೀಯಲ್ಲೇ,” ಎಂದಳು ಚಿಕ್ಕಮ್ಮ. “ಖಾಲಿ ಬಿಡಬಾರದು ಅಂತ ನೀನೇ ಬಡ್ಕೋತೀಯ.”

“ಅದು ನನ್ನೊಬ್ಬಳ ಕೈಲಿಲ್ಲ ಚಿಕ್ಕಮ್ಮ.”

ರಫೂ ಮುಂದೆ ಬಂದ. ಅವಳ ಕೈಯಿಂದ ಪೆನ್ನನ್ನೂ ಪುಸ್ತಕವನ್ನೂ ತೆಗೆದುಕೊಂಡ. ಅವನ ಕಿವಿ ಕೆಂಪಾಗಿದ್ದದ್ದನ್ನು, ಹೆಬ್ಬೆರಳ ತುದಿ ಸೂಜಿಯಿಂದ ಜಡ್ಡುಗಟ್ಟಿದ್ದದ್ದನ್ನು ಅವಳು ಗಾಜಿಲ್ಲದೆ ನೋಡಿದಳು. ಅವನು ನಿಧಾನವಾಗಿ, ಒಂದೇ ಅಳತೆಯ ಹೊಲಿಗೆ ಹಾಕುವವನ ಹಾಗೆ ಬರೆದ. ಅವಳು ಅವನಿಂದ ಪುಸ್ತಕ ತೆಗೆದುಕೊಂಡಳು.

‘ಕೆಲಸದ ಹೊತ್ತಿನಲ್ಲಿ ಕೋಟು ಮಾತ್ರ ನೋಡತಕ್ಕದ್ದು. ಮುಖ ಸಂಜೆ ಆರೂವರೆಯ ನಂತರ ದಿನಾಲೂ ಸಿಗುತ್ತದೆ.’

“ಜೋರಾಗಿ!” ಎಂದಳು ಚಿಕ್ಕಮ್ಮ.

ಅವಳು ಜೋರಾಗಿ ಓದಲಿಲ್ಲ. ಸಹಿ ಹಾಕುವ ಮುಂಚೆ ಏನನ್ನೇ ಆದರೂ ಎರಡು ಸಲ ಓದುವುದು ಅವಳ ರೂಢಿ. ಇದನ್ನು ನಾಲ್ಕು ಸಲ ಓದಿದಳು. ಕೊನೆಗೆ ‘ಆರೂವರೆ’ಯನ್ನು ಹೊಡೆದು ಮೇಲೆ ‘ಆರು’ ಎಂದು ತಿದ್ದಿದಳು. ತಿದ್ದಿದ್ದಕ್ಕೆ ಪಕ್ಕದಲ್ಲಿ ಚಿಕ್ಕ ಸಹಿ, ಕೆಳಗೆ ಪೂರ್ತಿ ಸಹಿ ಹಾಕಿ, ಷಟರ್ ಎತ್ತಲು ಹೋದಳು.